ಊರು ಬಿಟ್ಟ ಜಮುನಾಪಾರಿ

ನಮ್ಮ ಕಡೆ ಮೇಕೆ ಅಂದರೆ ಮೊದಲು ನೆನಪಾಗುವುದು ಸಂತೆ, ಆಮೇಲೆ ಮಾಂಸದಂಗಡಿ. ಹಾಲಿನ ಮಾತು ಬಂದರೆ ಗಾಂಧೀಜಿಯ ಹೆಸರು ಹೇಳಿ ಮುಗಿಸಿಬಿಡುತ್ತೇವೆ. ಯಮುನೆ, ಚಂಬಲ್ ನದಿಗಳ ಸೀಮೆಯಲ್ಲಿ ಹಾಗಲ್ಲ. ಅಲ್ಲಿ ಎಷ್ಟೋ ಬಡವರ ಮನೆಯ ಬೆಳಗಿನ ಚಹಾಕ್ಕೆ ಬೀಳುವುದು ಮೇಕೆ ಹಾಲೇ. 1980ರ ದಶಕದ ಕೊನೆಯಲ್ಲಿ ಬ್ಯಾಂಕಿನ ವರ್ಗಾವಣೆಯ ಮೇಲೆ ಉತ್ತರ ಪ್ರದೇಶದ ಇಟಾವಾ ಜಿಲ್ಲೆಗೆ ಹೋದೆ. ನಮ್ಮಂಥವರು ಊರು ಬಿಡುವ ಮೊದಲೇ ಅಲ್ಲಿಯ ಮೇಕೆ ಊರು ಬಿಟ್ಟು ದೇಶಾಂತರ ಹೋಗಿತ್ತು ಅಂತ ಗೊತ್ತಾದದ್ದು ಆಮೇಲೆ.

ಆ ತಳಿಯ ಹೆಸರು ಜಮುನಾಪಾರಿ. ಯಮುನೆಯ ಆಚೆಯದು ಅಂತ ಅರ್ಥ. ಅದರ ತವರು ಚಕರ್‌ನಗರದ ಸುತ್ತಿನ ಕೊರಕಲು ನೆಲ. ಚಂಬಲ್ ಅಂದ ಕೂಡಲೇ ನಮ್ಮವರು ಡಕಾಯಿತರ ಬಗ್ಗೆ ಕೇಳುತ್ತಾರೆ, ಮೇಕೆ ಬಗ್ಗೆ ಯಾರೂ ಕೇಳುವುದಿಲ್ಲ. ನೋಡಿದರೆ ಮರೆಯುವಂಥ ಪ್ರಾಣಿಯಲ್ಲ ಅದು. ಎತ್ತರದ ಮೈಕಟ್ಟು, ಗಿಣಿ ಕೊಕ್ಕಿನ ಹಾಗೆ ಬಾಗಿದ ಮೂಗು, ಜೋತುಬಿದ್ದ ಉದ್ದನೆಯ ಕಿವಿ, ಹಿಂದಿನ ತೊಡೆಗಳಲ್ಲಿ ನೀಳ ಕೂದಲು. ಒಳ್ಳೆಯ ಮೇಕೆ ದಿನಕ್ಕೆ ಒಂದೂವರೆಯಿಂದ ಎರಡು ಲೀಟರ್ ಹಾಲು ಕೊಡುತ್ತದೆ. ಜಾಲಿ, ಬೋರೆ ಮುಂತಾದ ಮುಳ್ಳುಗಿಡಗಳ ಚಿಗುರನ್ನು ಕತ್ತೆತ್ತಿ ಮೇಯುವುದು ಅದರ ಸ್ವಭಾವ.

ಬ್ರಿಟಿಷರ ಕಾಲದಲ್ಲಿ ಹಡಗಿನ ಪ್ರಯಾಣಿಕರಿಗೆ ತಾಜಾ ಹಾಲು ಬೇಕಲ್ಲ, ಅದಕ್ಕಾಗಿ ಮೇಕೆಗಳನ್ನು ಹತ್ತಿಸಿಕೊಳ್ಳುತ್ತಿದ್ದರು. ಹೀಗೆ ಇಂಡಿಯಾದಿಂದ ಇಂಗ್ಲೆಂಡಿಗೆ ಹೋದ ಹೋತಗಳನ್ನೂ ಈಜಿಪ್ಟ್ ಕಡೆಯ ಹೋತಗಳನ್ನೂ ಅಲ್ಲಿಯ ಮೇಕೆಗಳ ಜೊತೆ ಕೂಡಿಸಿ ಬೆಳೆಸಿದ ತಳಿಯೇ ಆಂಗ್ಲೋ-ನುಬಿಯನ್. 1909ರ ಹೊತ್ತಿಗೆ ಅದು ಕ್ಯಾಲಿಫೋರ್ನಿಯಾ ಮುಟ್ಟಿತ್ತು. ಆ ಹೆಸರಿನಲ್ಲಿ ಇಂಡಿಯಾದ ಸುಳಿವೇ ಇಲ್ಲ, ಆದರೆ ಮೂಗು ಕಿವಿ ನೋಡಿದರೆ ಅಜ್ಜನ ಮನೆ ಯಾವುದು ಅಂತ ಗೊತ್ತಾಗುತ್ತೆ. ಇನ್ನೊಂದು ಕವಲು ಡಚ್ಚರ ಆಡಳಿತದ ಕಾಲದಲ್ಲಿ ಜಾವಾಕ್ಕೆ ಹೋಯಿತು. ಅಲ್ಲಿಯ ಮೇಕೆಗಳೊಂದಿಗೆ ಬೆರೆತು ಹುಟ್ಟಿದ ತಳಿಗೆ ಇವತ್ತಿಗೂ ‘ಪೆರಾನಕನ್ ಎತಾವಾ’ ಅನ್ನುತ್ತಾರೆ. ಊರು ಬಿಟ್ಟರೂ ಊರ ಹೆಸರು ಬಿಡಲಿಲ್ಲ.

ಇದಕ್ಕೆ ತಿರುಗಾಮುರುಗಾ ಆದದ್ದು ಬರ್ಬರಿ ಮೇಕೆಯ ಕಥೆ. ಅದರ ಹೆಸರು ಸೊಮಾಲಿಯಾದ ಬರ್ಬೆರಾ ಬಂದರಿನಿಂದ ಬಂತು ಅನ್ನುತ್ತಾರೆ. ಈಗ ಆಗ್ರಾ, ಅಲಿಗಢದ ಗಲ್ಲಿಗಳಲ್ಲಿ ಗೂಟಕ್ಕೆ ಕಟ್ಟಿಸಿಕೊಂಡು, ಹಾಕಿದ್ದು ತಿಂದು, ಅವಳಿ ಮರಿ ಹಾಕಿಕೊಂಡು ಆರಾಮಾಗಿದೆ. ಜಮುನಾಪಾರಿಗೆ ಆ ಬಾಳು ಒಗ್ಗುವುದಿಲ್ಲ.

ಈ ತಳಿಗಳನ್ನು ಕಾಪಾಡಿದ್ದು ಸರಕಾರವೂ ಅಲ್ಲ, ಸಾಹೇಬರೂ ಅಲ್ಲ, ಮನೆಯ ಹೆಂಗಸರು. ಮೇಕೆ ಗಬ್ಬವಾದ ದಿನದಿಂದ ಮರಿ ಹಾಕಲು ಸುಮಾರು 150 ದಿನ. ಅವರು ಲೆಕ್ಕ ಇಡುತ್ತಿದ್ದದ್ದು ಹಬ್ಬಗಳಲ್ಲಿ: ಜ್ಯೇಷ್ಠದಲ್ಲಿ ಹೋತ ಬಿಟ್ಟರೆ ದೀಪಾವಳಿಯ ಆಸುಪಾಸಿಗೆ ಮರಿ. ಕೊನೆಯ ಒಂದೂವರೆ ಎರಡು ತಿಂಗಳು ಹಾಲು ಕರೆಯುವುದನ್ನು ನಿಲ್ಲಿಸಬೇಕು, ಯಾಕಂದರೆ ಹೊಟ್ಟೆಯೊಳಗಿನ ಮರಿ ಬಹುಪಾಲು ಬೆಳೆಯುವುದು ಆಗಲೇ. ಮರಿ ಬಿದ್ದ ಕೂಡಲೇ ಮೂಗು ಬಾಯಿಯ ಲೋಳೆ ಒರೆಸಬೇಕು, ಹೊಕ್ಕಳು ಬಳ್ಳಿ ಕತ್ತರಿಸಿ ಅಯೋಡಿನ್ ಹಚ್ಚಬೇಕು, ಒಂದು ಗಂಟೆಯೊಳಗೆ ಗಿಣ್ಣುಹಾಲು ಕುಡಿಸಬೇಕು. ಆ ಸೀಮೆಯ ಚಳಿ ನಮ್ಮವರಿಗೆ ಹೇಳಿದರೆ ಅರ್ಥವಾಗದು. ಗೋಣಿತಟ್ಟು ಹಾಸದಿದ್ದರೆ ಬೆಳಗಾಗುವುದರೊಳಗೆ ಮರಿ ಸೆಟೆದಿರುತ್ತೆ. ಆಮೇಲೆ ಹಾಲಿನ ಪಾಲು. ಒಂದು ಮೊಲೆ ಮರಿಗೆ, ಒಂದು ಮನೆಗೆ ಅಂತ ಎಷ್ಟೋ ಮನೆಗಳಲ್ಲಿ ಕಟ್ಟಳೆ. ಮನೆಯವರು ಆಸೆ ಬಿದ್ದರೆ ಮರಿ ಸೊರಗುತ್ತೆ, ಮರಿ ಸತ್ತರೆ ತಾಯಿಯೂ ಹಾಲಿಳಿಸಲು ಹಠ ಮಾಡುತ್ತೆ.

ಈ ಪಂಚಾಂಗಕ್ಕೂ ಬ್ಯಾಂಕಿನ ಲೆಡ್ಜರಿಗೂ ತಾಳೆ ಬೀಳದ್ದನ್ನು ನಾನೇ ನೋಡಿದೆ. ಸಮಗ್ರ ಗ್ರಾಮೀಣಾಭಿವೃದ್ಧಿ ಯೋಜನೆ 1978-79ರಲ್ಲಿ ಶುರುವಾಗಿ, 1980ರ ಅಕ್ಟೋಬರ್ 2ರಿಂದ ದೇಶದ ಎಲ್ಲ ಬ್ಲಾಕುಗಳಿಗೂ ಬಂತು. ಸಣ್ಣ ರೈತರಿಗೆ ಶೇ. 25, ಕೂಲಿಕಾರರಿಗೆ ಮೂರನೇ ಒಂದು ಪಾಲು, ಪರಿಶಿಷ್ಟರಿಗೆ ಅರ್ಧದಷ್ಟು ಸಬ್ಸಿಡಿ, ಮಿಕ್ಕದ್ದು ಬ್ಯಾಂಕಿನ ಸಾಲ. ಎಷ್ಟೋ ಬಡವರ ಮನೆಗೆ ಮೊದಲ ಮೇಕೆ ಬಂದದ್ದು ಇದರಿಂದಲೇ, ಅದನ್ನು ಮರೆಯಬಾರದು. ಆದರೆ ಸಾಲದ ಕಂತು ತಿಂಗಳು ತಿಂಗಳೂ ಬರುತ್ತೆ, ಹಾಲು ಹಾಗೆ ಬರುವುದಿಲ್ಲ. ವಸೂಲಿಗೆ ಹೋದಾಗ ಒಬ್ಬ ಹೆಂಗಸು ಗಬ್ಬದ ಮೇಕೆಯ ಬೆನ್ನು ಸವರುತ್ತಾ, ‘ಮನೀಜರ್ ಸಾಬ್, ನಿಮ್ಮ ಕಂತಿನ ತಾರೀಖು ಇದಕ್ಕೆ ಗೊತ್ತಿಲ್ಲವಲ್ಲ’ ಅಂದಳು. ಎಂ.ಕಾಂ.ನಲ್ಲಿ ಓದಿದ ಯಾವ ಸೂತ್ರದಲ್ಲೂ ಅದಕ್ಕೆ ಉತ್ತರ ಇರಲಿಲ್ಲ. ಕೈಯಲ್ಲಿ ಕಾಸಿಲ್ಲದವರು ಕಂತು ಕಟ್ಟಲು ಮೊದಲು ಮಾರುತ್ತಿದ್ದದ್ದು ಗಂಡು ಮರಿಯನ್ನು. ಅದರಲ್ಲೂ ದುಂಡಗೆ ಬೆಳೆದ ಗಂಡಿಗೆ ಬಕ್ರೀದ್ ಹೊತ್ತಿಗೆ ಒಳ್ಳೆ ಬೆಲೆ. ಹಾಗೆ ಊರಿನ ಅತ್ಯುತ್ತಮ ಹೋತಗಳೇ ಮೊದಲು ಖಾಲಿಯಾದವು. ಉಳಿದ ಮೇಕೆಗಳಿಗೆ ಸಿಕ್ಕ ಹೋತವೇ ಗತಿ. ತಳಿ ಸೊರಗುವುದು ಹೀಗೆ, ಸದ್ದಿಲ್ಲದೆ.

ಮಥುರಾ ಜಿಲ್ಲೆಯ ಮಖದೂಮಿನಲ್ಲಿ 1979ರಲ್ಲಿ ಶುರುವಾದ ಕೇಂದ್ರೀಯ ಮೇಕೆ ಸಂಶೋಧನಾ ಸಂಸ್ಥೆ ಜಮುನಾಪಾರಿ, ಬರ್ಬರಿ ಎರಡನ್ನೂ ಸಾಕಿ ಒಳ್ಳೆಯ ಹೋತಗಳನ್ನು ಹಳ್ಳಿಗೆ ಕೊಡುತ್ತಾ ಬಂದಿದೆ. ಒಳ್ಳೆಯ ಕೆಲಸ. ಆದರೂ ಹೋತವನ್ನು ಸಂಸ್ಥೆ ಕೊಡಬಹುದು, ಚಳಿಯ ರಾತ್ರಿ ಎದ್ದು ಕೂರುವವರನ್ನು ಕೊಡಲಾಗದು.

ಈಗ ನಮ್ಮ ಕರ್ನಾಟಕದಲ್ಲೂ ಮೇಕೆ ಫಾರಂ ಮಾಡುವವರು ಉತ್ತರದಿಂದ ಜಮುನಾಪಾರಿ ತರಿಸುತ್ತಿದ್ದಾರೆ. ಫೋಟೋದಲ್ಲಿ ಕಿವಿ ನೋಡಿ ಮರುಳಾಗುವುದು ಸಹಜ. ತರಿಸುವ ಮುಂಚೆ ಎರಡು ಪ್ರಶ್ನೆ ಕೇಳಿಕೊಂಡರೆ ಒಳ್ಳೆಯದು. ಇದು ಮೇಯಲು ಇಲ್ಲಿ ಪೊದೆ ಗಿಡ ಇದೆಯೇ? ಮರಿ ಹಾಕುವ ರಾತ್ರಿ ಹತ್ತಿರ ಇರುವವರು ಯಾರು? ಸಾಲದ ಅರ್ಜಿಯಲ್ಲಿ ಇವೆರಡಕ್ಕೂ ಕಾಲಂ ಇರುವುದಿಲ್ಲ.