ಗಡಿಯೂ ಬಂಡಿಯೂ

ಶೆಂಗೆನ್ ಎಂಬುದು ಲಕ್ಸೆಂಬರ್ಗ್ ದೇಶದ ಒಂದು ಸಣ್ಣ ಹಳ್ಳಿ. ಮೊಸೆಲ್ ನದಿಯ ದಡದಲ್ಲಿರುವ ಈ ಊರಿನ ಬಳಿ ಲಕ್ಸೆಂಬರ್ಗ್, ಫ್ರಾನ್ಸ್, ಜರ್ಮನಿ ಈ ಮೂರು ದೇಶಗಳ ಎಲ್ಲೆಗಳು ಕೂಡುತ್ತವೆ. 1985ನೆಯ ಇಸವಿ ಜೂನ್ 14ರಂದು ಐದು ದೇಶಗಳ ಪ್ರತಿನಿಧಿಗಳು ಅಲ್ಲಿ ಹಡಗೊಂದರಲ್ಲಿ ಸೇರಿ, ತಮ್ಮ ನಡುವಣ ಗಡಿಗಳಲ್ಲಿ ಪ್ರಯಾಣಿಕರನ್ನು ತಡೆದು ವಿಚಾರಿಸುವ ಪದ್ಧತಿಯನ್ನು ಕ್ರಮವಾಗಿ ಕೈಬಿಡತಕ್ಕದ್ದೆಂದು ಒಪ್ಪಂದಮಾಡಿಕೊಂಡರು. 1995ರಲ್ಲಿ ಅದು ಆಚರಣೆಗೆ ಬಂದಿತು. 2017ರಿಂದ ಫ್ರಾನ್ಸಿನ ಸ್ಟ್ರಾಸ್‌ಬರ್ಗ್ ಪಟ್ಟಣದಲ್ಲಿ ಟ್ರ್ಯಾಮು ಹತ್ತಿದವನು ರೈನ್ ನದಿಯನ್ನು ದಾಟಿ ಜರ್ಮನಿಯ ಕೆಹ್ಲ್ ಊರಿನಲ್ಲಿ ಇಳಿಯಬಹುದಾಗಿದೆ. 1870ರಿಂದ 1945ರ ವರೆಗಿನ ಎಪ್ಪತ್ತೈದು ವರ್ಷಗಳಲ್ಲಿ ಮೂರು ಸಲ ಪರಸ್ಪರ ಯುದ್ಧಮಾಡಿದ ರಾಷ್ಟ್ರಗಳು ಇವು. ಈಗ ಅವುಗಳ ನಡುವೆ ಸಂತೆಗೆ ಹೋಗುವವರನ್ನು ಹೊತ್ತು ಟ್ರ್ಯಾಮು ಓಡುತ್ತದೆ.

ಇದನ್ನು ಕೇಳಿದ ನಮ್ಮವರು ಇಂತಹ ಭಾಗ್ಯವು ಯೂರೋಪಿಗೆ ಮಾತ್ರ ಸಲ್ಲತಕ್ಕದ್ದೆಂದು ತಿಳಿಯುವುದುಂಟು. ನಮಗೆ ಹಾಗೆ ತೋರುವುದಿಲ್ಲ. ಇದೇ ಕಥೆಯನ್ನು ನಮ್ಮ ನೆಲದಲ್ಲಿ ಓದಬೇಕಾದರೆ ಮೂಡಬಿದಿರೆಗೆ ಸಮೀಪದ ಶಿರ್ತಾಡಿಯಂತಹ ಹಳ್ಳಿಯಲ್ಲಿ ನಿಂತು ಸುತ್ತಲೂ ನೋಡಿದರೆ ಸಾಕು.

ನಾಲ್ಕುನೂರು ವರ್ಷಗಳ ಹಿಂದೆ ಈ ಹಳ್ಳಿಯಿಂದ ಒಂದು ಹಗಲಿನ ನಡಿಗೆಯೊಳಗೆ ಮೂರು ರಾಜ್ಯಗಳಿದ್ದುವು. ಪುತ್ತಿಗೆ ಮೂಡಬಿದಿರೆಗಳಲ್ಲಿ ಚೌಟರು, ವೇಣೂರಿನಲ್ಲಿ ಅಜಿಲರು, ಕಾರ್ಕಳದಲ್ಲಿ ಭೈರರಸರು ಆಳುತ್ತಿದ್ದರು. ಇನ್ನೂ ಸ್ವಲ್ಪ ಮುಂದೆ ಹೋದರೆ ಬಂಗರ ಸೀಮೆ. ಇವರೆಲ್ಲರೂ ಜೈನರು, ಇವರ ಪ್ರಜೆಗಳು ಆಡುತ್ತಿದ್ದುದು ಒಂದೇ ತುಳು, ಶಾಸನಗಳಲ್ಲಿ ಕೆತ್ತಿಸುತ್ತಿದ್ದುದು ಹೆಚ್ಚಾಗಿ ಕನ್ನಡ. ಆದರೂ ಎಲ್ಲೆಗಳು ಎಲ್ಲೆಗಳೇ. 1604ರಲ್ಲಿ ತಿಮ್ಮಣ್ಣ ಅಜಿಲನು ವೇಣೂರಿನಲ್ಲಿ ಗೊಮ್ಮಟನನ್ನು ನಿಲ್ಲಿಸಿದಾಗ, 1432ರಿಂದ ತಮ್ಮಲ್ಲಿದ್ದ ಗೊಮ್ಮಟನ ಕೀರ್ತಿಗೆ ಕುಂದು ಬರುವುದೆಂದು ಕಾರ್ಕಳದ ಅರಸನು ಅಡ್ಡಿಮಾಡಿದನೆಂದೂ, ಆಗ ವಿಗ್ರಹವನ್ನು ಫಲ್ಗುಣಿ ನದಿಯ ಮರಳಿನಲ್ಲಿ ಹೂತಿಟ್ಟು ಕಾಪಾಡಿದರೆಂದೂ ಸ್ಥಳದವರು ಹೇಳುತ್ತಾರೆ. ಕಥೆಯು ಎಷ್ಟರಮಟ್ಟಿಗೆ ನಿಜವೋ, ಇಷ್ಟು ಮಾತ್ರ ಸತ್ಯ: ಒಂದೇ ದೇವರನ್ನು ಪೂಜಿಸುವ ನೆರೆಹೊರೆಯವರ ನಡುವೆಯೂ ಗಡಿಯೊಂದು ಹಗೆಯಾಗಿ ನಿಲ್ಲಬಲ್ಲದೆಂದು ಜನರು ನಂಬಿದ್ದರು.

ಅಂತಹ ಗಡಿಗಳನ್ನು ಯಾರು ದಾಟುತ್ತಿದ್ದರು? 1623ರಲ್ಲಿ ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಲ್ಲೆಯು ಗೋವೆಯಿಂದ ಹೊರಟು ಇಕ್ಕೇರಿಯನ್ನು ಕಂಡು, ಮಂಗಳೂರಿಗೆ ಇಳಿದು, ಉಳ್ಳಾಲದ ರಾಣಿಯನ್ನು ಸಂಧಿಸಿದನು. ಇಕ್ಕೇರಿಗೆ ಅವನು ಹೋದುದು ಪೋರ್ತುಗೀಸರ ರಾಯಭಾರಿಯ ಸಂಗಡ. 1801ರಲ್ಲಿ ಬುಕಾನನ್ ಎಂಬ ವೈದ್ಯನು ವೇಣೂರು, ಮೂಡಬಿದಿರೆ, ಕಾರ್ಕಳಗಳನ್ನು ಹಾದುಹೋದನು. ಅವನು ಕಂಪೆನಿ ಸರಕಾರದ ಅಧಿಕಾರಿ. ಹೀಗೆ ಅಧಿಕಾರವುಳ್ಳವನಿಗೆ ಎಲ್ಲ ದಾರಿಗಳೂ ತೆರೆದಿದ್ದುವು. ಉಳಿದವರಲ್ಲಿ ಹೇರೆತ್ತುಗಳ ಮೇಲೆ ಉಪ್ಪನ್ನು ಘಟ್ಟಕ್ಕೆ ಏರಿಸುವ ವರ್ತಕರು ಸುಂಕ ತೆತ್ತು ಹೋಗುತ್ತಿದ್ದರು. ಬಜಪೆಯ ಬಳಿಯ ಸುಂಕದಕಟ್ಟೆಯಂತಹ ಊರುಗಳ ಹೆಸರಿನಲ್ಲಿ ಆ ಕಾಲದ ನೆನಪು ಉಳಿದಿದೆ. ಬರಿಗೈಯ ಬಡವನಿಗೆ ನೆರೆಯ ರಾಜ್ಯವೆಂದರೆ ಕೇಳಿ ತಿಳಿದ ದೇಶವೇ ಸರಿ.

1799ರಲ್ಲಿ ಟಿಪ್ಪುಸುಲ್ತಾನನು ಮಡಿದ ಮೇಲೆ ಕೆನರಾ ಸೀಮೆಯು ಕಂಪೆನಿಗೆ ಸೇರಿತು. ಸಣ್ಣ ಗಡಿಗಳು ಅಳಿದುವು. ಅವುಗಳ ಸ್ಥಾನದಲ್ಲಿ ದೊಡ್ಡ ಗಡಿಗಳು ಬಂದುವು. ಘಟ್ಟದ ಕೆಳಗೆ ಮದರಾಸು ಆಧಿಪತ್ಯ, ಮೇಲೆ ಮೈಸೂರು ಸಂಸ್ಥಾನ, ತೆಂಕಣಕ್ಕೆ 1834ರಲ್ಲಿ ಬ್ರಿಟಿಷರ ವಶವಾದ ಕೊಡಗು; 1862ರಲ್ಲಿ ಉತ್ತರ ಕನ್ನಡವು ಮುಂಬಯಿ ಆಧಿಪತ್ಯಕ್ಕೆ ಹೋಯಿತು. ಕನ್ನಡವನ್ನು ಬಲ್ಲ ಜನ ಹೀಗೆ ಹಲವು ಸರಕಾರಗಳ ಕೆಳಗೆ ಹಂಚಿಹೋದರು.

ಉಗಿಬಂಡಿಯು ಈ ಅಂತರವನ್ನು ಕಳೆಯಬಹುದಾಗಿತ್ತು. 1907ರಲ್ಲಿ ರೈಲು ಮಂಗಳೂರನ್ನು ಮುಟ್ಟಿತು. ಆದರೆ ಅದು ಬಂದುದು ಮಲೆಯಾಳದ ಕಡೆಯಿಂದ. ರೈಲಿನಲ್ಲಿಯೇ ಬೆಂಗಳೂರಿಗೆ ಹೋಗಬೇಕೆಂಬ ಮಂಗಳೂರಿಗನು ಕಲ್ಲಿಕೋಟೆ, ಶೊರನೂರು, ಪೋದನೂರು, ಈರೋಡು, ಸೇಲಂ, ಜೋಲಾರಪೇಟೆಗಳನ್ನು ಸುತ್ತಿ, ಮಲೆಯಾಳ ತಮಿಳುನಾಡುಗಳೆರಡನ್ನೂ ನೋಡಿಕೊಂಡು ಮೈಸೂರು ಸೀಮೆಯನ್ನು ಹೊಗಬೇಕಾಗಿತ್ತು. ಪಕ್ಕದ ಮನೆಗೆ ಊರೆಲ್ಲ ಸುತ್ತಿ ಹೋದಂತೆ! ಹಾಸನ ಮಂಗಳೂರುಗಳ ನಡುವೆ ಘಟ್ಟವನ್ನು ಹಾಯುವ ರೈಲುಮಾರ್ಗವು ಸಿದ್ಧವಾದುದು 1979ರಲ್ಲಿ.

ಆದುದರಿಂದ ನೆರೆರಾಜ್ಯಗಳನ್ನು ಕೂಡಿಸುವ ಕೆಲಸವು ಮೋಟಾರು ಬಸ್ಸಿನ ಪಾಲಿಗೆ ಬಂದಿತು. 1914ರಲ್ಲಿ ಮಂಗಳೂರಿನಲ್ಲಿ ಕೆನರಾ ಪಬ್ಲಿಕ್ ಕನ್ವೇಯನ್ಸ್ ಕಂಪೆನಿಯು ಹುಟ್ಟಿತು. ಅದೇ ವರ್ಷ ಯೂರೋಪಿನಲ್ಲಿ ಮಹಾಯುದ್ಧವು ಆರಂಭವಾಯಿತು. ಅದುವರೆಗೆ ಪಶ್ಚಿಮ ಯೂರೋಪಿನ ಬಹುಭಾಗದಲ್ಲಿ ರಹದಾರಿಯಿಲ್ಲದೆಯೇ ದೇಶದಿಂದ ದೇಶಕ್ಕೆ ಹೋಗಬಹುದಾಗಿತ್ತು. ಯುದ್ಧದೊಡನೆ ರಹದಾರಿಯ ಕಟ್ಟು ಬಿಗಿಯಾಯಿತು. ಅಲ್ಲಿ ಬಾಗಿಲುಗಳು ಮುಚ್ಚತೊಡಗಿದ ಹೊತ್ತಿನಲ್ಲಿ ಇಲ್ಲಿ ಒಂದೊಂದಾಗಿ ತೆರೆಯತೊಡಗಿದುವು.

ಬಸ್ಸಿನಿಂದ ಆದ ಬದಲಾವಣೆಯನ್ನು ಘಟ್ಟ ಹತ್ತುವ ಕೂಲಿಗಾರನ ಕಣ್ಣಿನಿಂದ ನೋಡಬೇಕು. ಹತ್ತೊಂಬತ್ತನೆಯ ಶತಮಾನದಲ್ಲಿಯೇ ತುಳುನಾಡಿನ ಬಡಜನರು ಮೈಸೂರು ಕೊಡಗುಗಳ ಕಾಫಿ ತೋಟಗಳಿಗೆ ಕೆಲಸಕ್ಕಾಗಿ ಏರುತ್ತಿದ್ದರು. ದಾರಿಯುದ್ದಕ್ಕೂ ಕಾಡು, ಮೇಲೆ ಮಲೆನಾಡಿನ ಚಳಿಜ್ವರ. ಹೋದವನು ಬದುಕಿದ್ದಾನೆಯೇ ಎಂಬುದು ಮನೆಯವರಿಗೆ ತಿಳಿಯುವಾಗ ತಿಂಗಳುಗಳೇ ಕಳೆಯುತ್ತಿದ್ದುವು. ಚಾರ್ಮಾಡಿ, ಶಿರಾಡಿ, ಆಗುಂಬೆಯ ಘಟ್ಟಗಳಲ್ಲಿ ಮೋಟಾರು ಓಡತೊಡಗಿದ ಮೇಲೆ ಹಬ್ಬಕ್ಕೋ, ಕೋಲಕ್ಕೋ, ತಾಯಿಯ ಕಾಯಿಲೆಗೋ ಊರಿಗೆ ಬಂದು ಹಿಂದಿರುಗುವುದು ಸಾಧ್ಯವಾಯಿತು. ಬಸ್ಸಿನಲ್ಲಿ ಎಲ್ಲರೂ ಮೊದಲ ದಿನದಿಂದಲೇ ಸಮಾನರಾಗಿ ಕುಳಿತರೆಂದು ನಾವು ಹೇಳಲಾರೆವು. ಆದರೆ ಪಲ್ಲಕ್ಕಿಯು ಒಬ್ಬನ ಸ್ವತ್ತು; ಬಸ್ಸು ಚೀಟಿ ಕೊಂಡವನದು. ಗಡಿ ದಾಟುವ ಹಕ್ಕಿಗೆ ಅಣೆ ಕಾಸುಗಳಲ್ಲಿ ಬೆಲೆ ಕಟ್ಟಿದುದೇ ಒಂದು ದೊಡ್ಡ ಕ್ರಾಂತಿ.

ಸರಕಾರಗಳು ಇದಕ್ಕೆ ಬೇಗನೆ ಒಗ್ಗಿಕೊಳ್ಳಲಿಲ್ಲ. 1939ರ ಮೋಟಾರು ವಾಹನ ಕಾನೂನಿನ ಪ್ರಕಾರ ಒಂದು ಪ್ರದೇಶದಲ್ಲಿ ಪಡೆದ ಪರವಾನಗಿಯು ಇನ್ನೊಂದರಲ್ಲಿ ಸಲ್ಲಬೇಕಾದರೆ ಅಲ್ಲಿಯ ಅಧಿಕಾರಿಯ ಮೇಲುರುಜು ಬೇಕಾಗಿತ್ತು. ಮನುಷ್ಯನಿಗೆ ರಹದಾರಿ ಬೇಡವಾದರೂ ಬಂಡಿಗೆ ಬೇಕಾಯಿತು! 1948ರ ಸೆಪ್ಟೆಂಬರಿನಲ್ಲಿ ಮೈಸೂರು ಸರಕಾರವು 120 ಬಸ್ಸುಗಳೊಡನೆ ತನ್ನದೇ ಸಾರಿಗೆ ಇಲಾಖೆಯನ್ನು ತೆರೆಯಿತು. ಘಟ್ಟದ ಕೆಳಗೆ ಖಾಸಗಿ ಬಸ್ಸುಗಳೇ ಪ್ರಬಲವಾಗಿ ಉಳಿದುವು. 1956ನೆಯ ನವೆಂಬರ್ 1ರಂದು ದಕ್ಷಿಣ ಕನ್ನಡವು ಮೈಸೂರಿನೊಡನೆ ಕೂಡಿದಾಗ ಘಟ್ಟದ ಮೇಲಣ ಗಡಿಯು ಅಳಿಯಿತು. ರಾಜಕಾರಣಿಗಳು ಅಂದು ಒಪ್ಪಿಕೊಂಡುದನ್ನು ಪ್ರಯಾಣಿಕರು ಬಹು ಹಿಂದಿನಿಂದಲೇ ನಡೆಸಿಕೊಂಡು ಬಂದಿದ್ದರು.

ಅದೇ ದಿನ ಹೊಸದೊಂದು ಗಡಿಯೂ ಹುಟ್ಟಿತು. ಕಾಸರಗೋಡು ಕೇರಳಕ್ಕೆ ಸೇರಿತು. ಆದರೂ ಮಂಗಳೂರು ಕಾಸರಗೋಡುಗಳ ನಡುವೆ ಬಸ್ಸುಗಳು ಎಡೆಬಿಡದೆ ಓಡಿದುದರಿಂದ ತಲಪಾಡಿಯ ಗಡಿಯನ್ನು ಜನರು ಮರೆತಂತೆಯೇ ಇದ್ದರು. ಮಕ್ಕಳು ಕಾಲೇಜಿಗೆ, ರೋಗಿಗಳು ಆಸ್ಪತ್ರೆಗೆ ಮಂಗಳೂರಿಗೇ ಬರುತ್ತಿದ್ದರು. 2020ರ ಮಾರ್ಚಿಯಲ್ಲಿ ಮಹಾಮಾರಿಯ ಭಯದಿಂದ ಆ ದಾರಿಯನ್ನು ಮುಚ್ಚಿದಾಗ, ಮರೆತ ಗೆರೆಯು ಒಮ್ಮೆಗೇ ಗೋಡೆಯಾಗಿ ಎದ್ದಿತು. ಗಡಿಯಲ್ಲಿ ತಡೆಯಲ್ಪಟ್ಟು ಚಿಕಿತ್ಸೆ ದೊರೆಯದೆ ತೀರಿಕೊಂಡವರ ವಾರ್ತೆಗಳು ಪತ್ರಿಕೆಗಳಲ್ಲಿ ಬಂದುವು. ವ್ಯಾಜ್ಯವು ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಅದೇ ವಸಂತದಲ್ಲಿ ಶೆಂಗೆನ್ ಒಪ್ಪಂದದ ದೇಶಗಳಲ್ಲಿಯೂ ಅನೇಕವು ಗಡಿಯ ಕಾವಲನ್ನು ಮತ್ತೆ ಹೂಡಿದುವು.

ಇದರಿಂದ ನಾವು ಕಲಿಯತಕ್ಕದ್ದೇನು? ಗಡಿಯು ಒಪ್ಪಂದದಿಂದ ಮಾತ್ರ ಅಳಿಯುವುದಿಲ್ಲ. ದಿನದಿನವೂ ಅದನ್ನು ದಾಟುವವರ ಅಭ್ಯಾಸದಿಂದ ಸವೆಯುತ್ತದೆ. ಸವೆದ ಗಡಿಯಾದರೂ ಸತ್ತಿರುವುದಿಲ್ಲ, ಬಂಡಿ ನಿಂತೊಡನೆ ಎಚ್ಚರಗೊಳ್ಳುತ್ತದೆ. ಎರಡು ನೆರೆನಾಡುಗಳ ಸ್ನೇಹವನ್ನು ಅಳೆಯಬೇಕೆಂದಿದ್ದರೆ ಮಂತ್ರಿಗಳ ಭಾಷಣಗಳನ್ನು ಕೇಳುವುದಕ್ಕಿಂತ, ಕಾಯಿಲೆಯ ಮುದುಕಿಯೊಬ್ಬಳು ಯಾರ ಅಪ್ಪಣೆಯನ್ನೂ ಬೇಡದೆ, ಕೈಯಲ್ಲಿ ಚೀಟಿಯನ್ನು ಮಾತ್ರ ಹಿಡಿದು ಆ ಗಡಿಯನ್ನು ದಾಟಬಲ್ಲಳೇ ಎಂದು ವಿಚಾರಿಸುವುದು ಲೇಸು. ಅಜಿಲರ ಸೀಮೆಯಿಂದ ಚೌಟರ ಸೀಮೆಗೆ, ವೇಣೂರಿನಿಂದ ಮೂಡಬಿದಿರೆಗೆ, ಇಂದು ಆಕೆ ಹಾಗೆ ಹೋಗಬಲ್ಲಳು. ಅಲ್ಲಿ ಗಡಿಯಿತ್ತೆಂಬುದೇ ಆಕೆಗೆ ತಿಳಿಯದು. ತಲಪಾಡಿಯಲ್ಲಿಯೂ ಎಂದೆಂದಿಗೂ ಹಾಗೆಯೇ ಇರಲೆಂದು ಹಾರೈಸೋಣ.