ಟಿ.ಪಿ. ಕೈಲಾಸಂ (1884–1946): ಹಳ್ಳಿಗನ ದನಿಯಲ್ಲಿ ನಗೆಹಾಡು

‘ಕನ್ನಡದ ಪ್ರಹಸನ ಪಿತಾಮಹ’ ಎಂದೇ ಹೆಸರಾದ ನಾಟಕಕಾರ. ನ್ಯಾಯಾಧೀಶ ಪರಮಶಿವ ಅಯ್ಯರ್ ಅವರ ಮಗ. ಲಂಡನ್ನಿನಲ್ಲಿ ಭೂವಿಜ್ಞಾನ ಕಲಿತು ಬಂದು, ಮೈಸೂರು ಸಂಸ್ಥಾನದ ಭೂವಿಜ್ಞಾನ ಇಲಾಖೆ ಸೇರಿದರು. ಕೊನೆಗೆ ನೌಕರಿ ಬಿಟ್ಟು ರಂಗಭೂಮಿಯನ್ನೇ ನೆಚ್ಚಿದರು.

ಹಾಡುಗಳು
ಇಂಗ್ಲಿಷ್ ಜನಪ್ರಿಯ ಗೀತೆಗಳ ಧಾಟಿಗೆ ಅಪ್ಪಟ ಹಳ್ಳಿ ಮಾತು ಹೊಂದಿಸಿದ್ದು ಕೈಲಾಸಂ ಜಾಣ್ಮೆ. ‘ಟಿಪ್ಪರರಿ’ ಹಾಡು ‘ತಿಪ್ಪಾರಹಳ್ಳಿ’ಯಾಯಿತು. ‘ಕಾನ್‌ಸ್ಟಾಂಟಿನೋಪಲ್’ ಹಾಡಿನ ಅಕ್ಷರ ಬಿಡಿಸುವ ಆಟ ‘ಕೋಳೀಕೆ ರಂಗ’ನಲ್ಲಿ ಕಾಗುಣಿತವಾಯಿತು: ಹಳ್ಳಿಗನೊಬ್ಬ ತನ್ನ ಹೆಸರನ್ನು ಒಂದೊಂದೇ ಅಕ್ಷರವಾಗಿ ಒಪ್ಪಿಸುತ್ತಾನೆ.

ಮನ್ನಣೆ
1945ರಲ್ಲಿ ಮದ್ರಾಸಿನ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರು. ನಟ ಸಿ.ಆರ್. ಸಿಂಹ ‘ಟಿಪಿಕಲ್ ಟಿ.ಪಿ. ಕೈಲಾಸಂ’ ಏಕವ್ಯಕ್ತಿ ಪ್ರದರ್ಶನದಲ್ಲಿ ಅವರನ್ನು ರಂಗಕ್ಕೆ ತಂದರು.