ಅಕ್ಷರಗುಂಡಿನಿಂದ ಕನ್ನಡಿ ಕ್ಯಾಮರಾದವರೆಗೆ

ಮೊಳಕಾಲ್ಮುರು ತಾಲ್ಲೂಕಿನ ಚಿನ್ನಹಗರಿಯ ಆಸುಪಾಸಿನಲ್ಲಿ, ಒಂದಕ್ಕೊಂದು ಕೆಲವೇ ಮೈಲಿಗಳ ಅಂತರದಲ್ಲಿ, ಮೂರು ಬಂಡೆಗಳಿವೆ. ಬ್ರಹ್ಮಗಿರಿಯದು ಒಂದು, ಸಿದ್ದಾಪುರದ್ದು ಇನ್ನೊಂದು, ಜಟಿಂಗರಾಮೇಶ್ವರ ಬೆಟ್ಟದ್ದು ಮೂರನೆಯದು. ಮೂರರ ಮೇಲೂ ಅಶೋಕ ಚಕ್ರವರ್ತಿಯ ಲಿಪಿಯುಂಟು. ಕ್ರಿಸ್ತಪೂರ್ವ ಮೂರನೆಯ ಶತಮಾನದಲ್ಲಿ ಸುವರ್ಣಗಿರಿಯ ಆರ್ಯಪುತ್ರನೂ ಮಹಾಮಾತ್ರರೂ ಇಸಿಲದ ಮಹಾಮಾತ್ರರ ಆರೋಗ್ಯವನ್ನು ವಿಚಾರಿಸಿ ಕಳುಹಿಸಿದ ಈ ಆಜ್ಞೆಯನ್ನು ಬರೆದವನು ಚಪಡನೆಂಬ ಲಿಪಿಕಾರ. ಲೇಖವೆಲ್ಲ ಬ್ರಾಹ್ಮಿಯಲ್ಲಿದ್ದರೆ, ತನ್ನ ವೃತ್ತಿಯನ್ನು ತಿಳಿಸುವ ಕೊನೆಯ ಪದವೊಂದನ್ನು ಮಾತ್ರ ಆತ ವಾಯವ್ಯ ದೇಶದ ಖರೋಷ್ಠಿಯಲ್ಲಿ, ಬಲದಿಂದ ಎಡಕ್ಕೆ ಬರೆದಿದ್ದಾನೆ.

ಬೆಂಗಳೂರಿನಲ್ಲೇ ಹುಟ್ಟಿದ ಬಿ. ಎಲ್. ರೈಸ್ ಸಾಹೇಬರು 1892ರಲ್ಲಿ ಈ ಲೇಖಗಳನ್ನು ವಿದ್ವಲ್ಲೋಕಕ್ಕೆ ತಿಳಿಸಿದರು. ಅದಕ್ಕೆ ಮೊದಲೇ ಬ್ರಹ್ಮಗಿರಿಯ ಬಂಡೆಯನ್ನು ಊರವರು ಅಕ್ಷರಗುಂಡು ಎನ್ನುತ್ತಿದ್ದರು. ಓದಲು ಬಾರದಿದ್ದರೂ ಅದು ಅಕ್ಷರವೆಂಬುದನ್ನು ಅವರು ಬಲ್ಲವರಾಗಿದ್ದರು. ಜಟಿಂಗರಾಮೇಶ್ವರದ ಬಂಡೆಯ ಹೆಸರು ಬಳೆಗಾರಗುಂಡು. ಜಾತ್ರೆಯಲ್ಲಿ ಬಳೆಗಾರರು ಅಲ್ಲಿ ಅಂಗಡಿ ಹೂಡುತ್ತಿದ್ದುದರಿಂದ ಆ ಹೆಸರು ಬಂದಿತು. ಅಲ್ಲಿಯ ಲೇಖ ಬಹುಮಟ್ಟಿಗೆ ಅಳಿಸಿಹೋಗಿದೆ. ಉಳಿದ ಚೂರುಪಾರು ಅಕ್ಷರಗಳಿಗೆ ಅರ್ಥ ಸಿಕ್ಕಿದ್ದು ಇನ್ನೆರಡು ಬಂಡೆಗಳ ಪಾಠದೊಡನೆ ಹೋಲಿಸಿ ನೋಡಿದ್ದರಿಂದ. ಆ ಎರಡೂ ಇರದಿದ್ದರೆ? ವಾಚಕರು ಈ ಪ್ರಶ್ನೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಮುಂದಕ್ಕೆ ಬರಬೇಕು.

ಕಲ್ಲಿನ ಲೇಖ ಸವೆಯುವ ಮೊದಲು ಅದರ ಪ್ರತಿಯೊಂದನ್ನು ಮಾಡಿಟ್ಟುಕೊಳ್ಳಬೇಕು. ಶಾಸನ ಸಂಶೋಧಕರ ರೂಢಿ ಪಡಿಯಚ್ಚು ತೆಗೆಯುವುದು. ಒದ್ದೆ ಮಾಡಿದ ಕಾಗದವನ್ನು ಕಲ್ಲಿಗೆ ಹಚ್ಚಿ, ಕುಂಚದಿಂದ ಬಡಿದು, ಮೇಲೆ ಮಸಿ ಸವರಿದರೆ ಅಕ್ಷರದ ಗುಳಿಗಳು ಬೆಳ್ಳಗೆ ಮೂಡುತ್ತವೆ. ಎರಡನೆಯ ಉಪಾಯ ಛಾಯಾಚಿತ್ರ. ಡಾಗೆರ್ ಎಂಬ ಫ್ರೆಂಚ್ ಗೃಹಸ್ಥನ ವಿಧಾನ 1839ರಲ್ಲಿ ಪ್ರಕಟವಾಯಿತು. ಹದಿನೈದೇ ವರ್ಷಗಳಲ್ಲಿ, 1854ರಲ್ಲಿ, ಲಿನೀಯಸ್ ಟ್ರೈಪ್ ಎಂಬ ಸೇನಾಧಿಕಾರಿ ಬೇಲೂರು ಹಳೇಬೀಡುಗಳ ಗುಡಿಗಳನ್ನು ಮೇಣ ಹಿಡಿಸಿದ ಕಾಗದದ ಮೇಲೆ ಚಿತ್ರಿಸಿದ. 1947ರಲ್ಲಿ ಮಾರ್ಟಿಮರ್ ವೀಲರ್ ಬ್ರಹ್ಮಗಿರಿಯಲ್ಲಿ ಅಗೆತ ನಡೆಸಿದಾಗ, ಅಳತೆಗೋಲನ್ನಿಟ್ಟು ತೆಗೆದ ಛಾಯಾಚಿತ್ರಗಳು ವರದಿಯ ಮುಖ್ಯ ಅಂಗವಾದವು. ಆದರೆ ಇವೆಲ್ಲ ಸರ್ಕಾರದ, ಸೈನ್ಯದ, ಇಲಾಖೆಗಳ ಕೆಲಸ. ಸಾಮಾನ್ಯ ಗೃಹಸ್ಥನಿಗೆ ಇಂಥ ಸಾಧನ ಎಟುಕುವಂತಿರಲಿಲ್ಲ.

ಅದು ಕೈಗೆ ಎಟುಕಿದ ಬಗೆಯೇ ಸ್ವಾರಸ್ಯವಾದ ಚರಿತ್ರೆ. ಮಸೂರದ ಹಿಂದೆ ಓರೆಯಾಗಿ ಕನ್ನಡಿಯನ್ನಿಟ್ಟರೆ, ಚಿತ್ರ ತೆಗೆಯುವ ಮಸೂರದಿಂದಲೇ ನೋಟವನ್ನೂ ಕಾಣಬಹುದೆಂದು ಥಾಮಸ್ ಸಟನ್ 1861ರಲ್ಲಿಯೇ ಹಕ್ಕುಪತ್ರ ಪಡೆದಿದ್ದ. 1949ರ ಕಾಂಟ್ಯಾಕ್ಸ್ ಎಸ್ ಕ್ಯಾಮರಾದಲ್ಲಿ ಐದು ಮುಖದ ಗಾಜಿನ ಪಟ್ಟಕ ಸೇರಿ, ನೋಟ ಎಡಬಲ ತಿರುವುಮುರುವಾಗದೆ ನೆಟ್ಟಗೆ ಕಂಡಿತು. 1954ರಲ್ಲಿ ಜಪಾನಿನ ಅಸಾಹಿಫ್ಲೆಕ್ಸ್, ಮೇಲೆದ್ದ ಕನ್ನಡಿ ತತ್‌ಕ್ಷಣ ತಾನೇ ಕೆಳಗಿಳಿಯುವಂತೆ ಮಾಡಿತು. ಇನ್ನು ಫಿಲ್ಮಿನ ಜಾಗಕ್ಕೆ ವಿದ್ಯುತ್ತನ್ನು ತಂದವರ ಕಥೆ: 1969ರಲ್ಲಿ ಬೆಲ್ ಪ್ರಯೋಗಶಾಲೆಯ ಬಾಯ್ಲ್ ಮತ್ತು ಸ್ಮಿತ್ ಬೆಳಕನ್ನು ವಿದ್ಯುತ್ ಸಂಕೇತವಾಗಿಸುವ ಸಿ.ಸಿ.ಡಿ. ಎಂಬ ಬಿಲ್ಲೆಯನ್ನು ರೂಪಿಸಿದರು; 2009ರಲ್ಲಿ ಅದಕ್ಕೆ ನೊಬೆಲ್ ಬಹುಮಾನ ಸಂದಿತು. 1975ರಲ್ಲಿ ಕೊಡಕ್ ಕಂಪೆನಿಯ ಸ್ಟೀವನ್ ಸ್ಯಾಸನ್ ಕಟ್ಟಿದ ಡಿಜಿಟಲ್ ಕ್ಯಾಮರಾ ಸುಮಾರು 3.6 ಕಿಲೋ ತೂಗುತ್ತಿತ್ತು. ಒಂದು ಚಿತ್ರವನ್ನು ಕ್ಯಾಸೆಟ್ಟಿನ ಮೇಲೆ ದಾಖಲಿಸಲು 23 ಸೆಕೆಂಡು ಬೇಕಿತ್ತು.

ಈ ಎರಡು ಹೊಳೆಗಳೂ ಕೂಡಿದ್ದು 1991ರಲ್ಲಿ. ನಿಕಾನ್ ಎಫ್3 ಎಂಬ ಕನ್ನಡಿ ಕ್ಯಾಮರಾದೊಳಗೆ ಕೊಡಕ್ಕಿನವರು ತಮ್ಮ ಸೆನ್ಸರನ್ನು ಕೂಡಿಸಿದರು. ಬೆಲೆ ಸುಮಾರು 20,000 ಡಾಲರ್. ಚಿತ್ರಗಳನ್ನು ತುಂಬಿಕೊಳ್ಳುವ ಪೆಟ್ಟಿಗೆಯನ್ನು ಹೆಗಲಿಗೆ ಬೇರೆ ನೇತುಹಾಕಿಕೊಳ್ಳಬೇಕಿತ್ತು! 2003ರಲ್ಲಿ ಬಂದ ಕ್ಯಾನನ್ 300ಡಿ ಸಾವಿರ ಡಾಲರಿನ ಗಡಿಯೊಳಗೆ ದೊರೆತಾಗ ಮಧ್ಯಮವರ್ಗದ ಮನೆಯ ಬಾಗಿಲು ತೆರೆಯಿತು. ಅದರ ಸೆನ್ಸರಿನಲ್ಲಿ 63 ಲಕ್ಷ ಬಿಂದುಗಳಿದ್ದವು. 2018ರ ನಿಕಾನ್ ಡಿ3500, ಕ್ಯಾನನ್ 1500ಡಿಗಳಲ್ಲಿ ಆ ಸಂಖ್ಯೆ ಎರಡು ಕೋಟಿ ನಲವತ್ತು ಲಕ್ಷಕ್ಕೆ ಏರಿತು. ಈಚೆಗೆ ಕನ್ನಡಿಯಿಲ್ಲದ ಕ್ಯಾಮರಾಗಳು ಬಂದು ಇವನ್ನು ಹಿಂದಕ್ಕೆ ಸರಿಸಿವೆ. ಹಾಗೆಂದು ಬೀರುವಿನಲ್ಲಿರುವ ಹಳೆಯ ಯಂತ್ರ ನಿರುಪಯುಕ್ತವಲ್ಲ. ಕಲ್ಲಿನ ಅಕ್ಷರವನ್ನು ಹಿಡಿಯಲು ಅದು ಧಾರಾಳವಾಗಿ ಸಾಕು.

ಅದು ಕೆಲಸ ಮಾಡುವ ಬಗೆ ಸರಳವಾದುದು. ಗುಂಡಿ ಒತ್ತಿದಾಗ ಕನ್ನಡಿ ಮೇಲೇಳುತ್ತದೆ, ಷಟರ್ ಎಂಬ ತೆರೆ ಸರಿಯುತ್ತದೆ, ಬೆಳಕು ಸೆನ್ಸರಿನ ಮೇಲೆ ಬೀಳುತ್ತದೆ. ಅಪರ್ಚರ್ ಎಂದರೆ ಮಸೂರದ ಕಂಡಿ. ಅದರ ಅಂಕಿ ದೊಡ್ಡದಾದಷ್ಟೂ ಕಂಡಿ ಕಿರಿದು, ಮುಂದಿನದೂ ಹಿಂದಿನದೂ ಒಟ್ಟಿಗೆ ಸ್ಪಷ್ಟ. ಷಟರ್ ವೇಗ ಎಂದರೆ ತೆರೆ ಸರಿದಿರುವ ಕಾಲ. ಐ.ಎಸ್.ಒ. ಅಂಕಿಯನ್ನು ಏರಿಸಿದರೆ ಮಂದ ಬೆಳಕಿನಲ್ಲಿಯೂ ಚಿತ್ರ ಬರುತ್ತದೆ, ಆದರೆ ಮರಳು ಎರಚಿದಂತೆ ಕಾಣುತ್ತದೆ. ಬೆಲೆ ಇಳಿಸುವುದಕ್ಕಾಗಿ ಇಂಥ ಆರಂಭದ ಮಾದರಿಗಳಲ್ಲಿ ಗಾಜಿನ ಪಟ್ಟಕದ ಬದಲು ಹಗುರವಾದ ಕನ್ನಡಿಗಳನ್ನೇ ಜೋಡಿಸಿರುತ್ತಾರೆ. 2006ರ ಡಿ40 ಮೊದಲ್ಗೊಂಡು ನಿಕಾನಿನ ಚಿಕ್ಕ ಮಾದರಿಗಳ ಒಡಲಲ್ಲಿ ಫೋಕಸ್ ಮೋಟಾರನ್ನೂ ಬಿಟ್ಟರು. ಆದುದರಿಂದ, ತನ್ನೊಳಗೆ ಮೋಟಾರಿಲ್ಲದ ಹಳೆಯ ಮಸೂರವನ್ನು ಅವಕ್ಕೆ ತೊಡಿಸಿದರೆ ಫೋಕಸನ್ನು ಕೈಯಿಂದಲೇ ತಿರುಗಿಸಿಕೊಳ್ಳಬೇಕು. ಇದು ಕೆಟ್ಟುಹೋದದ್ದಲ್ಲ, ಯಂತ್ರದ ಸ್ವಭಾವ.

‘ಕ್ಯಾಮರಾ ಕೆಟ್ಟಿದೆ’ ಎಂಬ ದೂರುಗಳಲ್ಲಿ ಬಹಳಷ್ಟು ಇಂಥವೇ. ಗುಂಡಿ ಒತ್ತಿದರೂ ಷಟರ್ ಬೀಳದಿದ್ದರೆ, ಫೋಕಸ್ ಹಿಡಿದಿಲ್ಲವೆಂದು ತಿಳಿಯಿರಿ. ನುಣುಪಾದ ಬಂಡೆಯಲ್ಲಿ ಅದಕ್ಕೆ ಹಿಡಿಯಲು ಗೆರೆಯೇ ಸಿಗದು. ಬಿರುಕನ್ನೋ ಅಕ್ಷರದ ಅಂಚನ್ನೋ ತೋರಿಸಿ ಅರ್ಧ ಒತ್ತಬೇಕು. ತೀರ ಹತ್ತಿರ ನಿಂತಿದ್ದರೆ ಒಂದು ಹೆಜ್ಜೆ ಹಿಂದೆ ಸರಿಯಬೇಕು. ಒಳನೋಟವೇ ಮಸುಕಾಗಿ, ತೆಗೆದ ಚಿತ್ರ ಸ್ಪಷ್ಟವಾಗಿದ್ದರೆ, ನೋಟಕಂಡಿಯ ಪಕ್ಕದ ಪುಟ್ಟ ಚಕ್ರವನ್ನು ನಿಮ್ಮ ಕಣ್ಣಿಗೆ ಹೊಂದಿಸಿಕೊಳ್ಳಿ. ಕಾರ್ಡು ಚಿತ್ರವನ್ನು ಒಪ್ಪದಿದ್ದರೆ ಅದರ ಅಂಚಿನ ಬೀಗದ ತುಣುಕು ಕೆಳಗೆ ಜಾರಿದೆಯೇ ನೋಡಿ. ಮಸೂರದ ಸಂಪರ್ಕ ತಪ್ಪಿದೆಯೆಂಬ ಸೂಚನೆ ಬಂದರೆ, ಯಂತ್ರವನ್ನು ಆರಿಸಿ, ಮಸೂರದ ಹಿಂಬದಿಯ ಲೋಹದ ಚುಕ್ಕೆಗಳನ್ನು ಒಣಗಿದ ಮೃದುವಾದ ಬಟ್ಟೆಯಿಂದ ಒರಸಿ ಮತ್ತೆ ಕೂಡಿಸಿ. ಚಿತ್ರಗಳೆಲ್ಲ ಒಂದೇ ಸಮನೆ ಬಿಳಿಚಿಯೋ ಕಪ್ಪಾಗಿಯೋ ಬಂದರೆ, ಹಿಂದೊಮ್ಮೆ ಬದಲಿಸಿದ ಕೂಡು-ಕಳೆ ಗುರುತಿನ ಅಂಕಿ ಹಾಗೆಯೇ ಉಳಿದಿರಬಹುದು. ಅದನ್ನು ಸೊನ್ನೆಗೆ ತನ್ನಿ.

ನಮ್ಮ ಸೀಮೆಯ ನಿಜವಾದ ಶತ್ರುವೆಂದರೆ ಧೂಳು. ಚಳ್ಳಕೆರೆ ಮೊಳಕಾಲ್ಮುರುಗಳು ರಾಜ್ಯದ ಅತಿ ಕಡಿಮೆ ಮಳೆಯ ತಾಲ್ಲೂಕುಗಳ ಸಾಲಿಗೆ ಸೇರಿದವು. ಗಾಳಿ ಎದ್ದರೆ ಕಡಲೆಕಾಯಿ ಹೊಲದ ಕೆಂಪು ಮಣ್ಣು ರಸ್ತೆಗೆ ಬರುತ್ತದೆ. ಮಸೂರ ಬದಲಿಸುವಾಗ ಯಂತ್ರವನ್ನು ಆರಿಸಿ, ಗಾಳಿಗೆ ಬೆನ್ನು ಕೊಟ್ಟು, ಕ್ಯಾಮರಾದ ಬಾಯಿಯನ್ನು ಕೆಳಮುಖವಾಗಿ ಹಿಡಿಯಿರಿ. ಎಲ್ಲ ಚಿತ್ರಗಳಲ್ಲಿಯೂ ಒಂದೇ ಜಾಗದಲ್ಲಿ ಕಪ್ಪು ಚುಕ್ಕೆ ಕಂಡರೆ ಧೂಳು ಸೆನ್ಸರಿನ ಮೇಲಿದೆ. ಕಂಡಿಯಲ್ಲಿ ಕಂಡು ಚಿತ್ರದಲ್ಲಿ ಕಾಣದಿದ್ದರೆ ಕನ್ನಡಿಯ ಅಥವಾ ನೋಟದ ಗಾಜಿನ ಮೇಲಿದೆ, ಅದರಿಂದ ಚಿತ್ರಕ್ಕೆ ಬಾಧಕವಿಲ್ಲ. ಅಪರ್ಚರನ್ನು 16ಕ್ಕೆ ಇಟ್ಟು ಬರಿಯ ಆಕಾಶವನ್ನು ತೆಗೆದು ನೋಡಿದರೆ ಅನುಮಾನ ಬಗೆಹರಿಯುತ್ತದೆ. ಶುಚಿಮಾಡುವಾಗ ರಬ್ಬರ್ ಬುರುಡೆಯ ಗಾಳಿಯನ್ನು ಮಾತ್ರ ಬಳಸಿ. ಬಾಯಿಂದ ಊದಿದರೆ ಎಂಜಲ ಹನಿ ಅಂಟಿ ಹೊಸ ಕಲೆಯಾಗುತ್ತದೆ. ಗಾಳಿಗೂ ಹೋಗದ ಚುಕ್ಕೆಯನ್ನು ಬಲ್ಲವರ ಕೈಗೆ ಬಿಡುವುದು ಲೇಸು.

ಇನ್ನು ಕಲ್ಲಿನ ಚಿತ್ರ. ಕ್ಯಾಮರಾದ ಮೇಲಿನ ಫ್ಲಾಷ್ ಎದುರಿನಿಂದ ಬೆಳಗಿ ಅಕ್ಷರದ ಗುಳಿಗಳನ್ನು ಮುಚ್ಚಿಬಿಡುತ್ತದೆ; ಅದನ್ನು ಆರಿಸಿಡಿ. ನಡುಹಗಲ ಬಿಸಿಲೂ ಬೇಡ. ಮುಂಜಾನೆಯ ಅಥವಾ ಸಂಜೆಯ ಓರೆ ಬೆಳಕು ಕಲ್ಲಿನ ಮೈಯನ್ನು ಸವರಿಕೊಂಡು ಹಾಯುವಾಗ, ಬರಿಗಣ್ಣಿಗೆ ಕಾಣದ ಗೀರೂ ನೆರಳು ಚೆಲ್ಲಿ ಎದ್ದು ನಿಲ್ಲುತ್ತದೆ. ಪಕ್ಕದಲ್ಲಿ ಅಳತೆಪಟ್ಟಿಯೊಂದನ್ನು ಇಡಿ. ಅಕ್ಷರಕ್ಕೆ ಸೀಮೆಸುಣ್ಣ ತುಂಬಬೇಡಿ, ಎಣ್ಣೆ ಸವರಬೇಡಿ, ಸಂರಕ್ಷಿತ ಸ್ಥಳಗಳಲ್ಲಿ ಮುಕ್ಕಾಲಿ ಹೂಡುವ ಮೊದಲು ಅಲ್ಲಿಯ ಕಾವಲಿನವರನ್ನು ಕೇಳಿ.

ಅಶೋಕನ ಬಂಡೆಗಳಿಗೆ ಕಾವಲುಂಟು, ಅಚ್ಚಾದ ಪ್ರತಿಗಳುಂಟು. ಹೊಲದ ಬದುವಿನ ವೀರಗಲ್ಲಿಗೆ, ಕೆರೆಯ ಏರಿಯ ಮೇಲೆ ಬಿದ್ದಿರುವ ದಾನಶಾಸನಕ್ಕೆ ಯಾರಿದ್ದಾರೆ? ಬಳೆಗಾರಗುಂಡಿಗೆ ಜೊತೆಯ ಬಂಡೆಗಳೆರಡಿದ್ದವು. ಇವು ಒಂಟಿ ಕಲ್ಲುಗಳು, ಅಳಿದರೆ ಹೋಲಿಸಿ ಓದಲು ಇನ್ನೊಂದು ಪಾಠವಿಲ್ಲ. ನಿಮ್ಮ ಮನೆಯಲ್ಲಿ ಇಂಥ ಕ್ಯಾಮರಾ ಇದ್ದರೆ ಅದರ ಗಡಿಯಾರವನ್ನು ಸರಿಪಡಿಸಿ. ಬಹಳ ದಿನ ಬ್ಯಾಟರಿಯಿಲ್ಲದೆ ಇಟ್ಟರೆ ಅದು ದಿನಾಂಕವನ್ನು ಮರೆಯುತ್ತದೆ, ದಿನಾಂಕವಿಲ್ಲದ ಚಿತ್ರ ಅರ್ಧ ದಾಖಲೆ ಮಾತ್ರ. ನಿಮ್ಮೂರಿನ ಕಲ್ಲನ್ನು ಒಂದು ಸಂಜೆ ತೆಗೆಯಿರಿ, ಊರು, ಹೊಲ, ದಿನವನ್ನು ಬರೆದಿಡಿ, ಒಂದು ಪ್ರತಿಯನ್ನು ಊರಿನ ಶಾಲೆಗೆ ಕೊಡಿ.